ಹೆಸರು ಬರೆಯುವ ಚಾಕ್‌ಪೀಸನ್ನು ಲೀಡರ್ ಕೈಯಿಂದ ವಾಪಸ್ ತೆಗೆದುಕೊಳ್ಳಿ

ಎಂಟನೆಯ ತರಗತಿಯಲ್ಲಿ 58 ಮಕ್ಕಳು, ಹೊಸದಾಗಿ ಸೇರಿದ ಅತಿಥಿ ಶಿಕ್ಷಕರು ನೀವು, ಬೋರ್ಡಿನ ಕಡೆ ತಿರುಗಿದರೆ ಸಾಕು ಗಲಾಟೆ. ಅದಕ್ಕಾಗಿ ಕ್ಲಾಸ್ ಲೀಡರ್ ಕೈಗೆ ಚಾಕ್‌ಪೀಸ್ ಕೊಟ್ಟು ಮಾತನಾಡುವವರ ಹೆಸರು ಬರೆಸುತ್ತಿದ್ದೀರಿ. ಒಬ್ಬ ಹುಡುಗನ ಹೆಸರಂತೂ ದಿನವೂ ಇರುತ್ತದೆ ಎಂದಿದ್ದೀರಿ. ಮೊದಲ ಎರಡು ತಿಂಗಳು ಬಿಗಿಯಾಗಿದ್ದು ಆಮೇಲೆ ಸಡಿಲ ಬಿಡುವುದು ಒಳ್ಳೆಯದೋ, ಮೊದಲಿನಿಂದಲೇ ಸ್ನೇಹದಿಂದ ಇರುವುದು ಒಳ್ಳೆಯದೋ ಎಂಬುದು ನಿಮ್ಮ ಪ್ರಶ್ನೆ. ಆ ಮಾತಿಗೆ ಆಮೇಲೆ ಬರುತ್ತೇನೆ. ನನಗೆ ನಿದ್ದೆಗೆಡಿಸಿದ್ದು ಚಾಕ್‌ಪೀಸಿನ ಮಾತು, ಏಕೆಂದರೆ 2011ರಲ್ಲಿ ಅದೇ ಚಾಕ್‌ಪೀಸನ್ನು ನಾನೂ ಒಬ್ಬ ಲೀಡರ್ ಕೈಗೆ ಕೊಟ್ಟಿದ್ದೆ.

ದಾವಣಗೆರೆಯಲ್ಲಿ ಬಿ.ಎಡ್. ಮುಗಿಸಿ, ಚಳ್ಳಕೆರೆ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಗೆ ಗಣಿತ ಶಿಕ್ಷಕನಾಗಿ ಸೇರಿದ ವರ್ಷ ಅದು. ನನ್ನ ಎಂಟನೆಯ ತರಗತಿಯಲ್ಲಿ 62 ಮಕ್ಕಳಿದ್ದರು. ಆರರಿಂದ ಎಂಟನೆಯ ತರಗತಿಯವರೆಗೆ 35 ಮಕ್ಕಳಿಗೆ ಕನಿಷ್ಠ ಒಬ್ಬ ಶಿಕ್ಷಕರಿರಬೇಕೆಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆಯಾದರೂ, ಆ ಕೋಣೆಯಲ್ಲಿ ಒಂದೊಂದು ಬೆಂಚಿನಲ್ಲಿ ಐದು ಮಂದಿ ಒತ್ತಿಕೊಂಡು ಕೂರುತ್ತಿದ್ದರು, ಹುಡುಗರಲ್ಲಿ ಕೆಲವರಿಗೆ ನೆಲವೇ ಗತಿಯಾಗಿತ್ತು. ಅರ್ಧದಷ್ಟು ಮಕ್ಕಳು ಊರಿನವರು. ಉಳಿದವರು ಸುತ್ತಲಿನ ಹಟ್ಟಿಗಳಿಂದ ಎರಡು ಮೂರು ಕಿಲೋಮೀಟರ್ ನಡೆದು ಬರುವವರು. ನಾನು ಸೇರಿದ ಎರಡನೆಯ ವಾರದಲ್ಲೇ ಮುಖ್ಯೋಪಾಧ್ಯಾಯರು ಕರೆದು, "ನಿಮ್ಮ ಕ್ಲಾಸಿನ ಸದ್ದು ಆಫೀಸಿಗೆ ಕೇಳಿಸುತ್ತೆ ಮೇಷ್ಟ್ರೇ" ಎಂದರು. ಅಷ್ಟೇ ಮಾತು. ಆದರೆ ಹೊಸಬನಾದ ನನಗೆ ಅದು ಸಹಿಸಲಾಗದ ಅವಮಾನವೆನಿಸಿತು. ಮರುದಿನವೇ ಓದಿನಲ್ಲಿ ಮುಂದಿದ್ದ, ಅಕ್ಷರ ದುಂಡಗಿದ್ದ ಒಬ್ಬ ಹುಡುಗನನ್ನು ಲೀಡರ್ ಮಾಡಿ, ನಾನು ಬರುವ ಮೊದಲು ಮತ್ತು ನಾನು ನೋಟ್ಸ್ ತಿದ್ದುವಾಗ ಮಾತನಾಡುವವರ ಹೆಸರನ್ನು ಬೋರ್ಡಿನ ಬಲಮೂಲೆಯಲ್ಲಿ ಬರೆಯಲು ಹೇಳಿದೆ.

ಮೊದಲ ವಾರ ಅದ್ಭುತವೆನಿಸಿತು. ತರಗತಿ ಸ್ತಬ್ಧವಾಯಿತು. ಪಟ್ಟಿಯಲ್ಲಿ ಹೆಸರಿದ್ದವರು ಆ ಪೀರಿಯಡ್ ಮುಗಿಯುವವರೆಗೆ ವರಾಂಡದಲ್ಲಿ ನಿಲ್ಲಬೇಕೆಂದು ನಿಯಮ ಮಾಡಿದೆ. ನಾನು ಯಾರ ಮೇಲೂ ಕೈ ಎತ್ತುವವನಲ್ಲ; 2010ರ ಏಪ್ರಿಲ್ 1ರಿಂದ ಕಾಯ್ದೆ ಜಾರಿಗೆ ಬಂದಿತ್ತು, ಹೊಡೆಯುವಂತಿಲ್ಲ ಎಂಬುದು ಎಲ್ಲ ಶಿಕ್ಷಕರ ಬಾಯಲ್ಲಿತ್ತು. ಹೊರಗೆ ನಿಲ್ಲಿಸುವುದು ಶಿಕ್ಷೆಗಳಲ್ಲೆಲ್ಲ ಸೌಮ್ಯವಾದದ್ದೆಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಅದೇ ಕಾಯ್ದೆಯ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ ಎಂಬುದನ್ನು ಓದಿದ್ದೆ. ನನ್ನ ವರಾಂಡಕ್ಕೂ ಆ ಸಾಲಿಗೂ ಸಂಬಂಧವಿರಬಹುದೆಂದು ಹೊಳೆದಿರಲಿಲ್ಲ.

ಹಟ್ಟಿಯಿಂದ ಬರುವ ಒಬ್ಬ ಹುಡುಗನ ಹೆಸರು ಪಟ್ಟಿಯಲ್ಲಿ ದಿನವೂ ಇರುತ್ತಿತ್ತು. ಹೆಸರಿನ ಮುಂದೆ ಇಂಟು ಗುರುತುಗಳೂ ಇರುತ್ತಿದ್ದವು: ಒಂದು ಇಂಟು ಎಂದರೆ ಬರೆದ ಮೇಲೂ ಮಾತನಾಡಿದ, ಎರಡು ಎಂದರೆ ಎದುರು ಮಾತನಾಡಿದ. ಈ ಇಂಟುಗಳ ನಿಯಮವನ್ನು ನಾನು ಮಾಡಿದ್ದಲ್ಲ, ಮಕ್ಕಳೇ ಮಾಡಿಕೊಂಡದ್ದು. ಅದನ್ನು ನೋಡಿಯಾದರೂ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ನಾನು ಕೊಟ್ಟ ಅಧಿಕಾರ ನನ್ನ ಕೈಮೀರಿ ತನ್ನದೇ ಕಾನೂನು ಬೆಳೆಸಿಕೊಳ್ಳುತ್ತಿತ್ತು. ಯಾರು ಪೆನ್ನು ಕೊಟ್ಟರೆ ಹೆಸರು ಅಳಿಸಲಾಗುತ್ತದೆ, ಯಾರ ಜೊತೆ ಕಬಡ್ಡಿಯಲ್ಲಿ ಜಗಳವಾದರೆ ಹೆಸರು ಏರುತ್ತದೆ ಎಂಬುದು ಉಳಿದ 61 ಮಕ್ಕಳಿಗೂ ಗೊತ್ತಿತ್ತು. ಗೊತ್ತಿಲ್ಲದವನು ನಾನೊಬ್ಬನೇ.

ಸೆಪ್ಟೆಂಬರ್ ತಿಂಗಳ ಒಂದು ಮಧ್ಯಾಹ್ನ, ಊಟದ ನಂತರದ ಪೀರಿಯಡ್. ನಾನು ಒಳಗೆ ಬಂದಾಗ ಬೋರ್ಡಿನ ಮೂಲೆಯಲ್ಲಿ ಅವನ ಹೆಸರು ಎಲ್ಲರಿಗಿಂತ ಮೇಲಿತ್ತು, ಮುಂದೆ ಮೂರು ಇಂಟು. ನಾನು ಹಾಜರಿ ಪುಸ್ತಕ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ಅವನೇ ಬಂದು ನಿಂತ. ಅಂಗಿಯ ಎಡಭುಜ ಪೂರ್ತಿ ಒದ್ದೆಯಾಗಿತ್ತು. "ಸಾರ್, ಒಳಗೆ ಬರ್ಲಾ?" ಎಂದ. ನಾನು ಮಾತನಾಡಲಿಲ್ಲ; ಕೈಯಲ್ಲಿದ್ದ ಡಸ್ಟರ್‌ನಿಂದ ಬೋರ್ಡಿನ ಮೂಲೆಯನ್ನು ತೋರಿಸಿದೆ. ಅವನು ಹೆಸರು ಓದಿದ, ಲೀಡರ್ ಕಡೆ ಒಮ್ಮೆ ನೋಡಿದ, ನನ್ನ ಕಡೆ ನೋಡಿದ, ಹಿಂದೆ ಸರಿದು ವರಾಂಡದ ಕಂಬದ ಪಕ್ಕದಲ್ಲಿ ನಿಂತುಕೊಂಡ.

ಕೋಣೆಯಲ್ಲೇ ಇರದ ಹುಡುಗ ಕೋಣೆಯೊಳಗೆ ಮಾತನಾಡಿದ್ದು ಹೇಗೆ ಎಂಬ ಪ್ರಶ್ನೆ ಆ ಕ್ಷಣದಲ್ಲಿ ನನ್ನ ತಲೆಗೆ ಬರಲಿಲ್ಲ. ಇದನ್ನು ನಾನು ಬಿಡಿಸಿ ಹೇಳಲೇಬೇಕು, ಏಕೆಂದರೆ ನನ್ನ ತಪ್ಪು ಪೂರ್ತಿಯಾಗಿ ಇರುವುದು ಇಲ್ಲೇ. ಲೀಡರ್ ಸುಳ್ಳು ಬರೆದದ್ದನ್ನು ನಾನು ದೊಡ್ಡ ತಪ್ಪೆಂದು ಎಣಿಸುವುದಿಲ್ಲ. ಹದಿಮೂರು ವರ್ಷದ ಹುಡುಗನಿಗೆ ಅಷ್ಟು ಅಧಿಕಾರ ಕೊಟ್ಟರೆ ಅವನು ಹಾಗೆ ಮಾಡುವುದು ಸಹಜ, ಅವನನ್ನು ಹಾಗೆ ಮಾಡಿದವನೂ ನಾನೇ. ನನ್ನ ತಪ್ಪೆಂದರೆ, ಬೋರ್ಡಿನ ಮೇಲೆ ಬರೆದದ್ದನ್ನು ನಂಬಿ ಕಣ್ಣೆದುರಿಗೆ ನಿಂತ ಮಗುವನ್ನು ನೋಡದೇ ಹೋದದ್ದು. "ಎಲ್ಲಿ ಹೋಗಿದ್ದೆ?" ಎಂದು ಎರಡು ಪದ ಕೇಳಿದ್ದರೆ ಸಾಕಿತ್ತು. ಅವನು ಹೋಗಿದ್ದು ಬೋರ್‌ವೆಲ್ ನಲ್ಲಿಯ ಹತ್ತಿರಕ್ಕೆ, ಸ್ಟಾಫ್ ರೂಮಿಗೆ ಕುಡಿಯುವ ನೀರಿನ ಕೊಡ ತುಂಬಿ ತರಲು; ಒದ್ದೆಯಾದ ಭುಜ ಅದನ್ನೇ ಹೇಳುತ್ತಿತ್ತು. ಆ ಪೀರಿಯಡ್ ಮುಗಿಸಿ ಹೋಗಿ ನಾನು ಕುಡಿದದ್ದು ಅವನು ತಂದ ನೀರನ್ನೇ. ಸಹೋದ್ಯೋಗಿಯೊಬ್ಬರು ಮಾತಿನ ನಡುವೆ, "ಪಾಪ, ಆ ಹುಡುಗ ದಿನಾ ತಾನಾಗೇ ಕೊಡ ತುಂಬಿಸ್ತಾನೆ" ಎಂದಾಗ ಲೋಟ ನನ್ನ ಕೈಯಲ್ಲೇ ಇತ್ತು.

ಮರುದಿನ ಅವನ ಹತ್ತಿರ ಮಾತನಾಡಬೇಕೆಂದುಕೊಂಡೆ. ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಈರುಳ್ಳಿ ಕೀಳುವ ಕಾಲ, ನಮ್ಮ ಕಡೆ ಆ ದಿನಗಳಲ್ಲಿ ಹತ್ತು ಹನ್ನೆರಡು ಮಕ್ಕಳು ಗೈರಾಗುವುದು ರೂಢಿ, ಅವನೂ ಅದಕ್ಕೇ ಹೋಗಿರಬೇಕೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಹತ್ತು ದಿನ ಕಳೆದೆ. ಆ ಹತ್ತು ದಿನಗಳೂ ನನ್ನ ತಪ್ಪಿನ ಲೆಕ್ಕಕ್ಕೇ ಸೇರಬೇಕು. ಹನ್ನೊಂದನೆಯ ದಿನ ಸೈಕಲ್ ಹತ್ತಿ ಹಟ್ಟಿಗೆ ಹೋದೆ. ಕುರಿ ಕೂಡುವ ರೊಪ್ಪದ ಮುಳ್ಳುಬೇಲಿಯ ಪಕ್ಕದಲ್ಲಿ ಅವನ ಅಜ್ಜಿ ಶೇಂಗಾ ಬಿಡಿಸುತ್ತ ಕುಳಿತಿದ್ದರು. ಚಾಪೆ ಹಾಸಿದರು, ನೀರು ಕೊಟ್ಟರು. ಮೊಮ್ಮಗ ಶಾಲೆಗೆ ಯಾಕೆ ಬರುತ್ತಿಲ್ಲ ಎಂದು ಕೇಳಿದ್ದಕ್ಕೆ ಕೋಪವಿಲ್ಲದ ದನಿಯಲ್ಲಿ ಹೇಳಿದರು: "ದಿನಾ ಹೊರಗೇ ನಿಂದ್ರುಸ್ತಾರಂತಲ್ಲ ಸಾಮಿ. ಹೊರಗೆ ನಿಲ್ಲೋದೇ ಆದ್ರೆ ಕುರಿ ಹಿಂದೆ ನಿಂತ್ಕಳ್ಲಿ ಅಂತ ನಾನೇ ಕಳಿಸ್ದೆ."

ನನ್ನ ಬಳಿ ಉತ್ತರವಿರಲಿಲ್ಲ. ಸಂಜೆ ಕುರಿ ಹೊಡೆದುಕೊಂಡು ಬಂದವನ ಕೈ ಹಿಡಿದು ತಪ್ಪಾಯಿತೆಂದು ಹೇಳಿದೆ. ಅವನು ತಲೆ ತಗ್ಗಿಸಿ ನಕ್ಕ, ಮುಂದಿನ ವಾರ ಶಾಲೆಗೆ ಬಂದ. ಆದರೆ ಅಷ್ಟು ಹೊತ್ತಿಗೆ ಅವನು ವರಾಂಡದಲ್ಲಿ ಕಳೆದ ಮತ್ತು ಗೈರಾದ ಪೀರಿಯಡ್‌ಗಳಲ್ಲಿ ಬೀಜಗಣಿತದ ಬುಡವೇ ಮುಗಿದುಹೋಗಿತ್ತು. ಎ ಪ್ಲಸ್ ಬಿ ಹೋಲ್ ಸ್ಕ್ವೇರ್ ಎಂಬ ನಿತ್ಯಸಮೀಕರಣವನ್ನು, ಚೌಕವಾದ ರೊಪ್ಪವನ್ನು ಎರಡು ಬೇಲಿ ಹಾಕಿ ನಾಲ್ಕು ಭಾಗ ಮಾಡಿದ ಹಾಗೆ ನೆಲದ ಮೇಲೆ ಗೆರೆ ಎಳೆದು ತೋರಿಸಿದಾಗ ತಟ್ಟನೆ ಹಿಡಿದುಕೊಂಡ. ಅಷ್ಟು ಚುರುಕು ಹುಡುಗ. ಆದರೂ ತಪ್ಪಿಹೋದದ್ದು ಬಹಳವಿತ್ತು, ಎಲ್ಲರೆದುರು ಕೈ ಎತ್ತುವ ಧೈರ್ಯ ಅವನಿಗೆ ಮತ್ತೆ ಬರಲೇ ಇಲ್ಲ. ಸಂಕ್ರಾಂತಿ ಕಳೆದ ಮೇಲೆ ಪೂರ್ತಿ ನಿಂತುಬಿಟ್ಟ. ಎಸ್ಸೆಸ್ಸೆಲ್ಸಿ ಬರೆಯಲಿಲ್ಲ. ಎಷ್ಟು ಸಲ ಹಟ್ಟಿಗೆ ಹೋದರೂ ಅವನನ್ನು ವಾಪಸ್ ಕರೆತರಲು ನನ್ನಿಂದ ಆಗಲಿಲ್ಲ.

ಈಗ ನಿಮ್ಮ ಪ್ರಶ್ನೆ. ಬಿಗಿಯೋ ಸ್ನೇಹವೋ ಎಂಬ ಪ್ರಶ್ನೆಯೇ ನಿಮ್ಮನ್ನು ದಾರಿ ತಪ್ಪಿಸುತ್ತಿದೆ ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಎರಡೂ ನಿಮ್ಮ ಮುಖಭಾವದ ವಿಚಾರ. ಗಲಾಟೆ ಹುಟ್ಟುವುದು ಬೇರೆ ಕಡೆ. ಜೇಕಬ್ ಕೌನಿನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ತರಗತಿಗಳ ವೀಡಿಯೊಗಳನ್ನು ವಿಶ್ಲೇಷಿಸಿ 1970ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡುಕೊಂಡದ್ದೂ ಇದನ್ನೇ: ಗಲಾಟೆಯಾದ ಮೇಲೆ ಶಿಕ್ಷಕರು ಹೇಗೆ ಗದರಿದರು ಎಂಬುದರಿಂದ ಹೆಚ್ಚೇನೂ ವ್ಯತ್ಯಾಸವಾಗುವುದಿಲ್ಲ, ಕೋಣೆಯ ಎಲ್ಲ ಮೂಲೆಗಳೂ ತಮ್ಮ ಗಮನದಲ್ಲಿವೆ ಎಂದು ಮಕ್ಕಳಿಗೆ ತಿಳಿಯುವಂತೆ ಇರುವ, ಒಂದು ಕೆಲಸದಿಂದ ಇನ್ನೊಂದಕ್ಕೆ ತಡವರಿಸದೆ ಸಾಗುವ ಶಿಕ್ಷಕರ ತರಗತಿಯಲ್ಲಿ ಗಲಾಟೆ ಹುಟ್ಟುವುದೇ ಕಡಿಮೆ. ಬಿ.ಎಡ್.ನಲ್ಲಿ ಪರೀಕ್ಷೆಗೆಂದು ಇಂಥದ್ದನ್ನೆಲ್ಲ ಓದುತ್ತೇವೆ. ನನಗೆ ಇದು ಅರ್ಥವಾದದ್ದು ಆ ಹುಡುಗ ಹೋದ ಮೇಲೆ.

ನೀವೇ ಒಂದು ದಿನ ಗಮನಿಸಿ ನೋಡಿ. ಹಿಂದಿನ ಶಿಕ್ಷಕರು ಹೊರಗೆ ಹೋಗಿ ನೀವು ಒಳಗೆ ಬರುವವರೆಗಿನ ಮೂರು ನಾಲ್ಕು ನಿಮಿಷದಲ್ಲಿ ಗಲಾಟೆ ಏಳುತ್ತದೆ, ಉಳಿದ ಪೀರಿಯಡ್ ಪೂರ್ತಿ ನೀವು ಅದನ್ನು ಇಳಿಸುವುದರಲ್ಲೇ ಇರುತ್ತೀರಿ. ಬೆಲ್ ಹೊಡೆಯುವಾಗ ನೀವು ಬಾಗಿಲಲ್ಲಿ ಇರಬೇಕು. ಸ್ಟಾಫ್ ರೂಮಿನಲ್ಲಿ ಚಹಾ ಅರ್ಧಕ್ಕೆ ಬಿಡಬೇಕಾದರೆ ಬಿಡಿ. ಒಳಗೆ ಹೋದ ಕೂಡಲೇ, ಹಾಜರಿಗೂ ಮೊದಲು, ಎಲ್ಲರಿಗೂ ಬರುವಂಥ ಎರಡು ಲೆಕ್ಕಗಳನ್ನು ಬೋರ್ಡಿನ ಮೇಲೆ ಬರೆಯಿರಿ. ಕಷ್ಟದ ಲೆಕ್ಕ ಹಾಕಬೇಡಿ. ಕೈಗೆ ಕೆಲಸ ಸಿಗದ ಮಗುವೇ ಮಾತಿಗೆ ಇಳಿಯುವುದು. ಉದ್ದನೆಯ ಬರವಣಿಗೆಯಿದ್ದರೆ ಮನೆಯಲ್ಲೇ ದೊಡ್ಡ ಹಾಳೆಯ ಮೇಲೆ ಬರೆದು ತಂದು ತೂಗುಹಾಕಿ, 58 ಮಕ್ಕಳಿಗೆ ಹತ್ತು ನಿಮಿಷ ಬೆನ್ನು ತೋರಿಸುವ ಅಗತ್ಯವೇ ಇರುವುದಿಲ್ಲ.

ನಿಂತಲ್ಲೇ ನಿಲ್ಲಬೇಡಿ. ನಾನು ಅರ್ಧ ಪಾಠವನ್ನು ಕೊನೆಯ ಬೆಂಚಿನ ಹಿಂದೆ ನಿಂತು ಮಾಡುತ್ತೇನೆ. ಪ್ರತಿ ಸೋಮವಾರ ಬೆಂಚುಗಳ ಸಾಲು ಒಂದೊಂದು ಮುಂದೆ ಸರಿಯುತ್ತದೆ, ಮುಂದಿನದು ಹಿಂದಕ್ಕೆ ಹೋಗುತ್ತದೆ. ಊರಿನ ಮಕ್ಕಳು ಮುಂದೆ, ಹಟ್ಟಿಯ ಮಕ್ಕಳು ಹಿಂದೆ ಎಂಬುದು ತಾನಾಗಿಯೇ ಅಳಿಸಿಹೋಗುತ್ತದೆ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಮೂರು ಎಣಿಸಿ. ಶಿಕ್ಷಕರು ಸಾಮಾನ್ಯವಾಗಿ ಉತ್ತರಕ್ಕಾಗಿ ಕಾಯುವುದು ಒಂದು ಸೆಕೆಂಡಿನಷ್ಟು ಮಾತ್ರ, ಅದನ್ನು ಮೂರಕ್ಕೆ ಏರಿಸಿದರೆ ಸುಮ್ಮನೆ ಕೂರುವ ಮಕ್ಕಳೂ ಬಾಯಿ ತೆರೆಯುತ್ತಾರೆ ಎಂದು ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲೇ ತೋರಿಸಿದ್ದಾರೆ. ನನ್ನ ತರಗತಿಯಲ್ಲಿ ಅದು ಕೆಲಸ ಮಾಡಿದೆ.

ಇಷ್ಟಾದ ಮೇಲೂ ಒಬ್ಬ ಮಾತನಾಡಿದರೆ ಹತ್ತಿರ ಹೋಗಿ, ಪಕ್ಕದವನಿಗೂ ಕೇಳದ ದನಿಯಲ್ಲಿ ಹೆಸರು ಹಿಡಿದು ಹೇಳಿ. ಹೇಳಬೇಕಾದದ್ದು ಹೆಚ್ಚಿದ್ದರೆ ಪೀರಿಯಡ್ ಮುಗಿದ ಮೇಲೆ ಒಬ್ಬನನ್ನೇ ಕರೆದು ಮಾತನಾಡಿ. ಯಾವ ಕಾರಣಕ್ಕೂ ಹೊರಗೆ ನಿಲ್ಲಿಸಬೇಡಿ. ಪಾಠ ಅರ್ಥವಾಗದೆ ಮಾತನಾಡುವವನಿಗೆ ಪಾಠವನ್ನೇ ತಪ್ಪಿಸುವುದು, ಹಸಿದವನ ಮುಂದಿನ ತಟ್ಟೆ ಕಿತ್ತುಕೊಂಡ ಹಾಗೆ. ಲೀಡರ್ ಇರಲಿ, ಆದರೆ ಗೈರಾದವರಿಗೆ ಹಿಂದಿನ ದಿನದ ನೋಟ್ಸ್ ತಲುಪಿಸುವ ಕೆಲಸ ಅವನಿಗೆ ಕೊಡಿ, ವಾರಕ್ಕೊಬ್ಬರಂತೆ ಬದಲಾಯಿಸಿ. ಸುಗ್ಗಿಯ ಕಾಲದಲ್ಲಿ ಗೈರಾಗಿ ಬಂದ ಮಕ್ಕಳನ್ನು ಯಾಕೆ ಬರಲಿಲ್ಲವೆಂದು ನಿಲ್ಲಿಸಿ ಕೇಳುವುದನ್ನು ನಾನು ಬಿಟ್ಟು ಬಹಳ ವರ್ಷವಾಯಿತು. ಮಧ್ಯಾಹ್ನ ಊಟವಾದ ಮೇಲೆ ಇಪ್ಪತ್ತು ನಿಮಿಷ ಅವರನ್ನು ಮಾತ್ರ ಕೂರಿಸಿಕೊಂಡು ತಪ್ಪಿಹೋದ ಪಾಠದ ಬುಡವನ್ನಷ್ಟೇ ಹೇಳಿಕೊಡುತ್ತೇನೆ.

ಮುಖ್ಯೋಪಾಧ್ಯಾಯರು ಸದ್ದಿನ ಬಗ್ಗೆ ಏನಾದರೂ ಹೇಳಿದರೆ, ಎರಡು ವಾರ ಕಾಲಾವಕಾಶ ಕೇಳಿ. ಅತಿಥಿ ಶಿಕ್ಷಕರೆಂದು ಅಂಜಬೇಡಿ. ಆ ಅಂಜಿಕೆಯೇ ನನ್ನನ್ನು ಅವಸರದ ದಾರಿ ಹಿಡಿಸಿದ್ದು.

ದಿನವೂ ಪಟ್ಟಿಯಲ್ಲಿರುವ ಆ ಹುಡುಗನ ಮನೆ ಎಲ್ಲಿದೆ, ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತಾನೆ, ಶಾಲೆಗೆ ಬರುವ ಮೊದಲು ಏನು ಕೆಲಸ ಮಾಡುತ್ತಾನೆ ಎಂಬುದನ್ನು ನೀವು ಬರೆದಿಲ್ಲ. ಹತ್ತು ದಿನ ಕಾಯಬೇಡಿ. ಈ ಭಾನುವಾರವೇ ಅವನ ಮನೆಗೆ ಹೋಗಿ, ದೂರು ಹೇಳದೆ, ಸುಮ್ಮನೆ ಕುಳಿತು ಮಾತನಾಡಿಸಿ ಬನ್ನಿ. ಬಂದ ಮೇಲೆ ಇಲ್ಲೇ ಕೆಳಗೆ ಬರೆಯಿರಿ, ನಾನು ನೋಡುತ್ತಿರುತ್ತೇನೆ.