ಟ್ಯೂಷನ್ ಸೇರಿಸುವ ಮೊದಲು ಮಗಳು ಹೇಗೆ ಓದುತ್ತಾಳೆ ನೋಡಿ

ಏಳನೇ ತರಗತಿವರೆಗೆ ಮುಂದಿದ್ದ ಮಗಳು ಒಂಬತ್ತಕ್ಕೆ ಬಂದಮೇಲೆ ಹಿಂದೆ ಬಿದ್ದಿದ್ದಾಳೆ, ಎಷ್ಟು ಓದಿದರೂ ಮಾರ್ಕ್ಸ್ ಬರುತ್ತಿಲ್ಲ, ಶಾಲೆ ಬದಲಿಸಬೇಕಾ, ಇನ್ನೊಂದು ಟ್ಯೂಷನ್ ಸೇರಿಸಬೇಕಾ ಅಂತ ಕೇಳಿದ್ದೀರಿ. ನಾನೂ ಅಂಥದೇ ಹುಡುಗಿಯಾಗಿದ್ದೆ.

ಮನೆಯಲ್ಲಿ ಓದಲು ಯಾವ ಅಡ್ಡಿಯೂ ಇರಲಿಲ್ಲ. ಟೀಚರ್‌ಗಳೂ ಚೆನ್ನಾಗಿಯೇ ಪಾಠ ಮಾಡುತ್ತಿದ್ದರು. ಆದರೂ ಗಣಿತ, ವಿಜ್ಞಾನ ಎರಡರಲ್ಲೂ ಮುಗ್ಗರಿಸಿದೆ. ತಪ್ಪು ಒಂದೇ: ಪುಸ್ತಕ ತೆರೆದಿಟ್ಟುಕೊಂಡೇ ಓದುತ್ತಿದ್ದೆ. ಅದೇ ಪಾಠವನ್ನು ಮತ್ತೆ ಮತ್ತೆ ಓದುವುದು, ಹಳದಿ ಗೆರೆ ಎಳೆಯುವುದು, ಬಿಡಿಸಿಟ್ಟ ಲೆಕ್ಕದ ಮೇಲೆ ಕಣ್ಣಾಡಿಸಿ ‘ಇದು ಗೊತ್ತು’ ಅಂತ ಪುಟ ತಿರುಗಿಸುವುದು.

ಒಂದು ಪರೀಕ್ಷೆಯಲ್ಲಿ ಸಮರೂಪ ತ್ರಿಭುಜಗಳ ಪ್ರಮೇಯ ಬಂದಿತ್ತು. ಚಿತ್ರ ಬರೆದೆ. ದತ್ತ, ಸಾಧನೀಯ, ರಚನೆ ಎಲ್ಲ ಬರೆದೆ. ಸಾಧನೆಯ ಮೂರನೇ ಸಾಲಿಗೆ ಪೆನ್ನು ನಿಂತುಹೋಯಿತು. ಯಾವ ಎರಡು ಕೋನ ಸಮ, ಯಾಕೆ ಸಮ, ಹೊಳೆಯಲೇ ಇಲ್ಲ. ಅದು ಎಡಗಡೆ ಪುಟದಲ್ಲಿ ಮೇಲ್ಗಡೆ ಇದೆ, ಅದಕ್ಕೆ ಗೆರೆ ಎಳೆದಿದ್ದೇನೆ ಅನ್ನುವುದು ಮಾತ್ರ ಸ್ಪಷ್ಟವಾಗಿ ನೆನಪಿತ್ತು.

ಕಣ್ಣಿಗೆ ರೂಢಿಯಾದದ್ದನ್ನೆಲ್ಲ ಕಲಿತಾಯ್ತು ಅಂದುಕೊಂಡಿದ್ದೆ. ಏಳನೇ ತರಗತಿವರೆಗೆ ಅದು ನಡೆಯಿತು, ಪಾಠ ಚಿಕ್ಕದು, ಕೇಳುವುದೂ ನೇರ. ಒಂಬತ್ತರಲ್ಲಿ ಜೂನಿನ ಪಾಠದ ಮೇಲೆ ಡಿಸೆಂಬರಿನ ಪಾಠ ನಿಂತಿರುತ್ತದೆ. ಮಾರ್ಕ್ಸ್ ಇಳಿದಾಗ ಇನ್ನೂ ಜಾಸ್ತಿ ಓದಬೇಕು ಅಂತ ನಿದ್ದೆಗೆಟ್ಟೆ. ಆ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು, ಓದಿದ್ದು ತಲೆಯಲ್ಲಿ ಗಟ್ಟಿಯಾಗುವುದೇ ನಿದ್ದೆಯಲ್ಲಿ. ಅದನ್ನೂ ಕಳೆದುಕೊಂಡೆ.

2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನಃಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಓದಿ 5 ನಿಮಿಷಕ್ಕೆ ಕೇಳಿದಾಗ, ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ, ಓದಿದ್ದನ್ನು ನೋಡದೆ ನೆನಪಿನಿಂದ ಬರೆದವರು ಮುಂದಾದರು. ನನ್ನ ಹೈಸ್ಕೂಲಿನ ಕಥೆ ಪೂರ್ತಿ ಇದೇ. ರಾತ್ರಿ ಎಲ್ಲ ಗೊತ್ತು, ವಾರ ಕಳೆದರೆ ಏನೂ ಇಲ್ಲ.

ಮನೆ, ಶಾಲೆ, ಸಹವಾಸ ಎಲ್ಲದರ ಪ್ರಭಾವವೂ ಇರುತ್ತದೆ, ಇಲ್ಲ ಅನ್ನಲ್ಲ. ಆದರೆ ಇದೇ ಶಾಲೆಯಲ್ಲಿ ಏಳರವರೆಗೆ ಚೆನ್ನಾಗಿದ್ದಳು ಅಲ್ವಾ? ಹಾಗಾಗಿ ಶಾಲೆಯೋ ಟ್ಯೂಷನ್ನೋ ಅನ್ನುವ ಪ್ರಶ್ನೆಯನ್ನೇ ಸದ್ಯಕ್ಕೆ ಬಿಡಿ. ನಾಳೆ ಒಂದು ಖಾಲಿ ಹಾಳೆ ಕೊಟ್ಟು, ಪುಸ್ತಕ ಮುಚ್ಚಿ, ನಿನ್ನೆ ಓದಿದ್ದನ್ನು ಬರೆಯಲು ಹೇಳಿ. ತಡವರಿಸಿದರೆ ‘ಇಷ್ಟು ಹೊತ್ತು ಏನು ಓದಿದೆ’ ಅಂತ ದಯವಿಟ್ಟು ಬೈಯಬೇಡಿ. ಎಲ್ಲಿ ನಿಂತಳೋ ಅಲ್ಲಿಂದ ಓದಲಿ. ನಾಲ್ಕು ದಿನ ಬಿಟ್ಟು ಅದನ್ನೇ ಮತ್ತೆ ಬರೆಯಲಿ. ಪುಸ್ತಕ ಎದುರಿಗಿದ್ದಾಗಲೂ ಅರ್ಥವಾಗುತ್ತಿಲ್ಲ ಅಂದರೆ ಮಾತ್ರ ಕಲಿಸುವವರ ಹತ್ತಿರ ಹೋಗಿ, ಅದೂ ಆ ವಿಷಯಕ್ಕಷ್ಟೇ.