ಸಂಪಾದಕರ ಉತ್ತರ: ನೆರೆಯವರ ಬಿಯರ್ ಏಕೆ ಹಿತ?

ಮೂಡಿಗೆರೆ ತಾಲ್ಲೂಕಿನ ಕಾಫಿ ಬೆಳೆಗಾರರೊಬ್ಬರ ಪತ್ರದ ಸಾರ: “ಈಚೆಗೆ ಸ್ನೇಹಿತರ ಜೊತೆ ಶ್ರೀಲಂಕಾಕ್ಕೆ ಹೋಗಿದ್ದೆ. ಹಿಂದೆ ನೇಪಾಳವನ್ನೂ ನೋಡಿದ್ದೇನೆ. ಎರಡೂ ಕಡೆ ಬಿಯರ್ ಗಂಟಲಲ್ಲಿ ಹಿತವಾಗಿ ಇಳಿಯಿತು. ಊರಿಗೆ ಬಂದು ಇಲ್ಲಿನ ಸ್ಟ್ರಾಂಗ್ ಬಾಟಲಿ ತೆರೆದರೆ ಗಂಟಲುರಿ, ಬೆಳಗಾದರೆ ತಲೆನೋವು. ನಮ್ಮವರು ಗ್ಲಿಸರಿನ್ ಬೆರೆಸುತ್ತಾರೆ ಎನ್ನುವುದು ನಿಜವೇ? ನೆರೆಯ ದೇಶಗಳಲ್ಲಿ ಯಾರ ಬಿಯರ್ ಮೇಲು? ಕ್ರಮವಾಗಿ ಪಟ್ಟಿ ಕೊಡಿ. ಮುಂದಿನ ಸಲ ಹೋದಾಗ ಎಷ್ಟು ತರಬಹುದು ಎಂದೂ ತಿಳಿಸಿ.”

ಮಾನ್ಯರೇ,

ನಿಮ್ಮ ಪತ್ರವನ್ನು ಓದದವರು ನಮ್ಮ ಕಚೇರಿಯಲ್ಲಿ ಯಾರೂ ಉಳಿದಿಲ್ಲ. ಅಡಿಕೆಯ ಹಳದಿ ಎಲೆ ರೋಗದ ಬಗ್ಗೆ ಬಂದ ಪತ್ರಗಳೂ ಇಷ್ಟು ಕೈ ಬದಲಾಯಿಸಿರಲಿಲ್ಲ. ಇಂಥ ವಿಷಯಕ್ಕೆ ಪುಟ ಕೊಡಬೇಕೇ ಎಂದು ಕೇಳುವ ಓದುಗರೂ ಇದ್ದಾರೆಂದು ಬಲ್ಲೆ. ಅವರು ಈ ಪುಟವನ್ನು ಮಗುಚಿ ಮೆಣಸಿನ ಧಾರಣೆಗೆ ಹೋಗಬಹುದು.

ಮೊದಲು ಗ್ಲಿಸರಿನ್ ಕಥೆ ಮುಗಿಸೋಣ. ಸಕಲೇಶಪುರದಿಂದ ಕೊಪ್ಪದವರೆಗೆ ಯಾವ ಬಾರಿಗೆ ಹೋದರೂ ಇದನ್ನು ಕಣ್ಣಾರೆ ಕಂಡೆ ಎನ್ನುವವರು ಸಿಗುತ್ತಾರೆ. ಬಾಟಲಿಯ ಬಾಯಿಗೆ ಹೆಬ್ಬೆರಳು ಒತ್ತಿ, ಬಾಟಲಿಯನ್ನು ತಲೆಕೆಳಗು ಮಾಡಿ, ನೀರು ತುಂಬಿದ ಲೋಟದೊಳಗೆ ಅದರ ಕುತ್ತಿಗೆ ಮುಳುಗಿಸಿ ಬೆರಳು ತೆಗೆಯುತ್ತಾರೆ. ಬಾಯಿಯಿಂದ ಎಣ್ಣೆಯಂತೆ ಸುರುಳಿ ಸುರುಳಿಯಾಗಿ ಏನೋ ಕೆಳಗಿಳಿಯುತ್ತದೆ. “ನೋಡಿದಿರಾ, ಗ್ಲಿಸರಿನ್!” ಎನ್ನುತ್ತಾರೆ. ಇಳಿದದ್ದು ಬಿಯರೇ. ಯೀಸ್ಟ್ ತಿನ್ನದೆ ಬಿಟ್ಟ ಸಕ್ಕರೆಯ ಅಂಶಗಳು ಉಳಿದಿರುವುದರಿಂದ ಬಿಯರ್ ನೀರಿಗಿಂತ ತುಸು ಭಾರ. ಭಾರವಾದದ್ದು ಕೆಳಗಿಳಿಯುತ್ತದೆ, ಹಗುರವಾದ ನೀರು ಅದರ ಜಾಗಕ್ಕೆ ಏರುತ್ತದೆ. ಸಾಂದ್ರತೆ ಬೇರೆ ಬೇರೆ ಇರುವ ಎರಡು ದ್ರವಗಳು ಕೂಡುವಲ್ಲಿ ಬೆಳಕು ಬಾಗುವುದರಿಂದ ಆ ಗೆರೆಗಳು ಕಾಣುತ್ತವೆ. ಬಾಟಲಿಯಲ್ಲಿ ಶರಬತ್ತು ತುಂಬಿಸಿ ಇದನ್ನೇ ಮಾಡಿ, ಇನ್ನೂ ಚೆಂದದ ಸುರುಳಿಗಳು ಕಾಣುತ್ತವೆ. ನೀವು ಮೆಚ್ಚಿದ ಕೊಲಂಬೊ ಬಿಯರಿನಲ್ಲೂ ಕಾಣುತ್ತವೆ. ಹುದುಗು ಬರುವಾಗ ಗ್ಲಿಸರಾಲ್ ತಾನಾಗಿಯೇ ಹುಟ್ಟುವುದು ನಿಜ, ಆದರೆ ಅದು ಲೀಟರಿಗೆ ಒಂದೆರಡು ಗ್ರಾಂ ಅಷ್ಟೇ, ಲೋಕದ ಎಲ್ಲ ಬಿಯರಿನಲ್ಲೂ ಇರುತ್ತದೆ. ಹೀಗೆ “ಶುದ್ಧಿ” ಮಾಡಿ ಕುಡಿಯುವವರು ದುಡ್ಡು ಕೊಟ್ಟು ತಂದ ಬಿಯರನ್ನು ಲೋಟಕ್ಕೆ ಚೆಲ್ಲಿ, ಅದರ ಬದಲಿಗೆ ನಲ್ಲಿ ನೀರು ತುಂಬಿಸಿಕೊಳ್ಳುತ್ತಿದ್ದಾರೆ.

ಹಾಗಾದರೆ ತಲೆನೋವು? ಅದಕ್ಕೆ ರಸಾಯನ ಶಾಸ್ತ್ರ ಬೇಡ, ಗುಣಾಕಾರ ಸಾಕು. ಊರಿನಲ್ಲಿ ನೀವು ತೆರೆಯುವ 650 ಮಿಲಿಲೀಟರಿನ ಸ್ಟ್ರಾಂಗ್ ಬಾಟಲಿಯಲ್ಲಿ ಆಲ್ಕೋಹಾಲ್ ಶೇ. 7.5 ಇದೆ ಎಂದುಕೊಳ್ಳಿ. ಒಟ್ಟು 48 ಮಿಲಿಲೀಟರಿಗಿಂತ ಹೆಚ್ಚು ಶುದ್ಧ ಆಲ್ಕೋಹಾಲ್ ಆಯಿತು. ಲಂಕೆಯ ಲಯನ್ ಕಂಪನಿಯ ಲಾಗರ್, ಅಂದರೆ ತಂಪಿನಲ್ಲಿ ಹುದುಗಿಸಿದ ತಿಳಿ ಬಿಯರ್, ಶೇ. 4.8ರದು. ಅದರ 330 ಮಿಲಿಲೀಟರಿನ ಒಂದು ಕ್ಯಾನಿನಲ್ಲಿ ಸಿಗುವುದು ಹೆಚ್ಚುಕಡಿಮೆ 16 ಮಿಲಿಲೀಟರ್. ಅಲ್ಲಿ ಒಂದು ಕ್ಯಾನ್, ಇಲ್ಲಿ ಒಂದು ಬಾಟಲಿ ಕುಡಿದು ಎರಡನ್ನೂ “ಒಂದು ಬಿಯರ್” ಎಂದು ಲೆಕ್ಕ ಹಾಕಿದರೆ, ಊರಿನ ಒಂದು ಲಂಕೆಯ ಮೂರಕ್ಕೆ ಸಮ. ಬೆಳಗಿನ ತಲೆ ಈ ಲೆಕ್ಕವನ್ನು ತಪ್ಪದೆ ಒಪ್ಪಿಸುತ್ತದೆ.

ಲಂಕೆಯ ಜನರೆಲ್ಲ ಈ ಸೌಮ್ಯ ಲಾಗರ್ ಕುಡಿದು ಸುಖವಾಗಿದ್ದಾರೆ ಎಂದೂ ತಿಳಿಯಬೇಡಿ. ಅದೇ ಕಂಪನಿಯ ಸ್ಟ್ರಾಂಗ್ ಶೇ. 8.8ಕ್ಕೆ ಏರುತ್ತದೆ. ಪ್ರವಾಸಿಯ ಮೇಜಿಗೆ ಲಾಗರ್ ಬರುತ್ತದೆ, ತೋಟದಲ್ಲಿ ದುಡಿದು ಬಂದವನ ಕೈಯಲ್ಲಿ ಸ್ಟ್ರಾಂಗ್ ಇರುತ್ತದೆ. ನಮ್ಮ ದೇಶದಲ್ಲೂ ಮಾರಾಟವಾಗುವ ಬಿಯರಿನಲ್ಲಿ ದೊಡ್ಡ ಪಾಲು ಸ್ಟ್ರಾಂಗೇ. ಬಿಯರಿನ ಬೆಲೆಯಲ್ಲಿ ತೆರಿಗೆಯೇ ಬಹುಪಾಲು ನುಂಗುವ ಕಡೆ, ಕೊಟ್ಟ ದುಡ್ಡಿಗೆ ಎಷ್ಟು ಏರುತ್ತದೆ ಎಂದು ಗಿರಾಕಿ ನೋಡುವುದು ಸಹಜ. ಕಂಪನಿಯೂ ಅದನ್ನೇ ಕೊಡುತ್ತದೆ. ಬಾರ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ದುಬಾರಿಯಾದ್ದರಿಂದ ಅಕ್ಕಿ, ಮೆಕ್ಕೆಜೋಳ, ಸಕ್ಕರೆ ಸೇರಿಸುತ್ತಾರೆ. ಇವು ಆಲ್ಕೋಹಾಲನ್ನು ಏರಿಸುತ್ತವೆ, ರುಚಿಗೆ ಹೆಚ್ಚೇನನ್ನೂ ಕೂಡಿಸುವುದಿಲ್ಲ. ಹುದುಗನ್ನು ಹೆಚ್ಚು ಶಾಖದಲ್ಲಿ ಅವಸರದಿಂದ ಮುಗಿಸಿದರೆ ಫ್ಯೂಸೆಲ್ ಎಂಬ ಭಾರದ ಆಲ್ಕೋಹಾಲ್‌ಗಳೂ ಹೆಚ್ಚುತ್ತವೆ. ನಿಮ್ಮ ಗಂಟಲುರಿಯ ಮೂಲವನ್ನು ಇಲ್ಲಿ ಹುಡುಕಿ. ಇದು ದೇಶದ ದೋಷವಲ್ಲ, ಸ್ಟ್ರಾಂಗ್ ಎಂಬ ಜಾತಿಯ ದೋಷ. ಭೂತಾನಿನ ಡ್ರುಕ್ 11000 ಕುಡಿದು ನೋಡಿ, ನಮ್ಮ ಸ್ಟ್ರಾಂಗಿನ ದಾಯಾದಿಯೇ ಎನಿಸುತ್ತದೆ. (ನಮ್ಮಲ್ಲಿ ಹೇವರ್ಡ್ಸ್ 5000, ಅಲ್ಲಿ ಡ್ರುಕ್ 11000. ಈ ಅಂಕಿಗಳನ್ನು ಕಂಡು ಬೆದರಬೇಡಿ. ಎರಡೂ ಶೇ. 8ನ್ನು ದಾಟುವುದಿಲ್ಲ.)

ದಾಯಾದಿ ಎಂದದ್ದು ಸುಮ್ಮನೆ ಅಲ್ಲ. ಉಪಖಂಡದ ಹಳೆಯ ಬ್ರೂವರಿಗಳು, ಎಂದರೆ ಬಿಯರ್ ಕಾರ್ಖಾನೆಗಳು, ಹೆಚ್ಚುಕಡಿಮೆ ಒಂದೇ ವಂಶದವು. ಶೀತಲ ಯಂತ್ರವಿಲ್ಲದ ಕಾಲದಲ್ಲಿ ಹುದುಗು ಹದಕ್ಕೆ ಬರಲು ತಂಪು ಬೇಕಿತ್ತು, ಕುಡಿಯಲು ಬಿಳಿಯರು ಬೇಕಿತ್ತು. ಎರಡೂ ಒಟ್ಟಿಗೆ ಸಿಗುತ್ತಿದ್ದುದು ಬೆಟ್ಟದ ಊರುಗಳಲ್ಲಿ. ಎಡ್ವರ್ಡ್ ಡಯರ್ ಹಿಮಾಲಯದ ಕಸೌಲಿಯಲ್ಲಿ ಬ್ರೂವರಿ ತೆರೆದ. 1860ರಲ್ಲಿ ಈಗ ಪಾಕಿಸ್ತಾನದಲ್ಲಿರುವ ಮರ್ರೀ ಬೆಟ್ಟದಲ್ಲಿ ಮರ್ರೀ ಬ್ರೂವರಿ ಹುಟ್ಟಿತು. ಬ್ರಿಟಿಷರು ಮೇಲಣ ಬರ್ಮಾವನ್ನು ನುಂಗಿದ ಬೆನ್ನಿಗೇ, 1886ರಲ್ಲಿ, ಮಂಡಾಲೆಯಲ್ಲೂ ಬ್ರೂವರಿ ಎದ್ದಿತು. ಜಲಿಯನ್‌ವಾಲಾ ಬಾಗಿನಲ್ಲಿ ಗುಂಡು ಹಾರಿಸಲು ಆಜ್ಞೆ ಕೊಟ್ಟ ಜನರಲ್ ಡಯರ್ ಈ ಎಡ್ವರ್ಡನ ಮಗ, 1864ರಲ್ಲಿ ಮರ್ರೀಯಲ್ಲಿ ಹುಟ್ಟಿದವನು. ದಕ್ಷಿಣದಲ್ಲಿ ಸ್ಕಾಟ್ಲೆಂಡಿನ ಥಾಮಸ್ ಲೀಶ್ಮನ್ 1915ರಲ್ಲಿ ಚಿಕ್ಕ ಚಿಕ್ಕ ಬ್ರೂವರಿಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ನಮ್ಮ ಕಿಂಗ್‌ಫಿಷರ್ ಬಂದದ್ದು ಆ ಮನೆಯಿಂದ. ಮರ್ರೀ ಇಂದಿಗೂ ನಡೆಯುತ್ತಿದೆ. 1977ರಿಂದ ಪಾಕಿಸ್ತಾನದಲ್ಲಿ ಮುಸ್ಲಿಮರಿಗೆ ಮದ್ಯ ನಿಷಿದ್ಧವಾದರೂ ಉಳಿದವರಿಗೆ ಮಾರಾಟವಿದೆ.

ಲಂಕೆಯ ಕಥೆ ನಿಮಗೆ ಇನ್ನೂ ಹತ್ತಿರದ್ದು. ನುವಾರ ಎಲಿಯ ಇಂದು ಚಹಾದ ಊರು. ಆದರೆ 1869ರಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಂಡು ತೋಟಗಳನ್ನು ಬೋಳಿಸುವವರೆಗೆ ಸಿಲೋನ್ ಕಾಫಿಯ ನಾಡಾಗಿತ್ತು. ಆ ತುಕ್ಕಿನ ಹೊಡೆತವನ್ನು ಚಿಕ್ಕಮಗಳೂರಿನವರಿಗೆ ವಿವರಿಸಬೇಕಿಲ್ಲ. ಲಯನ್ ಬ್ರೂವರಿ ಅಲ್ಲಿ ಹುಟ್ಟಿದ್ದು ಆ ಬೆಟ್ಟದ ತೋಟದ ದೊರೆಗಳ ಬಾಯಾರಿಕೆಗೆ. ಈಗ ಅದು ಕೊಲಂಬೊ ಬಳಿಯ ಬಿಯಗಾಮಕ್ಕೆ ಇಳಿದಿದೆ.

ಇಂದಿನ ಒಡೆತನ ನೋಡಿದರೆ ದೇಶಗಳ ಗಡಿ ಇನ್ನಷ್ಟು ಮಸುಕಾಗುತ್ತದೆ. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗಿಗೆ ನೇಪಾಳದ ಗೋರ್ಖಾ ಬ್ರೂವರಿಯಲ್ಲೂ ಲಂಕೆಯ ಲಯನ್‌ನಲ್ಲೂ ಪಾಲಿದೆ, ಭಾರತದಲ್ಲಿ ತನ್ನದೇ ಕಾರ್ಖಾನೆಗಳಿವೆ. ಕಿಂಗ್‌ಫಿಷರ್ ಕಂಪನಿಯ ಹಿಡಿತ 2021ರಿಂದ ನೆದರ್ಲೆಂಡ್ಸಿನ ಹೈನಕೆನ್ ಕೈಯಲ್ಲಿದೆ. ಕಠ್ಮಂಡುವಿನಲ್ಲಿ ನೀವು ಟ್ಯೂಬೋರ್ಗ್ ಕುಡಿದು “ನೇಪಾಳದ ಬಿಯರ್” ಹೊಗಳಿದ್ದರೆ, ಅದೇ ಹೆಸರಿನ ಬಾಟಲಿ ಚಿಕ್ಕಮಗಳೂರಿನ ವೈನ್ ಸ್ಟೋರಿನಲ್ಲೂ ಕೂತಿದೆ.

ಆದರೂ ಪಟ್ಟಿ ಕೇಳಿದ್ದೀರಿ. ಲಾಗರ್‌ಗಳಲ್ಲಿ ಕ್ರಮಾಂಕ ಕೊಡಲು ನನಗೆ ಮನಸ್ಸಿಲ್ಲ. ಲಂಕೆಯ ಲಯನ್, ನೇಪಾಳದ ಗೋರ್ಖಾ ಮತ್ತು ಎವರೆಸ್ಟ್, ಬರ್ಮಾದ ‘ಮ್ಯಾನ್ಮಾರ್’ ಎಲ್ಲವೂ ತಾಜಾ ಇದ್ದಾಗ ಚೆನ್ನ, ಹಳತಾದಾಗ ಒಂದೇ ಥರ ಸಪ್ಪೆ. ನನ್ನ ಮೊದಲ ಸ್ಥಾನ ಲಯನ್ ಸ್ಟೌಟ್ ಎಂಬ ಕಪ್ಪು ಬಿಯರಿಗೆ, ಎರಡು ಮಾತಿಲ್ಲ. ಶೇ. 8.8 ಇದ್ದರೂ ಉರಿಯಿಲ್ಲ, ಏಕೆಂದರೆ ಹುರಿದ ಮಾಲ್ಟಿನ ಕಹಿ ಆ ಬಲವನ್ನು ಹೊತ್ತು ನಿಲ್ಲುತ್ತದೆ. ಲೋಟಕ್ಕೆ ಸುರಿದರೆ ಕಡುಕಪ್ಪು, ಕಂದು ನೊರೆ, ಮೂಗಿಗೆ ಹುರಿದ ಕಾಫಿಬೀಜ ಮತ್ತು ಕಪ್ಪು ಬೆಲ್ಲ. ಬ್ರಿಟನ್ನಿನ ಬಿಯರ್ ಲೇಖಕ ಮೈಕೆಲ್ ಜಾಕ್ಸನ್ ಇದನ್ನು ಲೋಕಕ್ಕೆಲ್ಲ ಪರಿಚಯಿಸಿ ಹೊಗಳಿದರು. ಕಾಫಿ ಬೆಳೆಯುವವರು ಇದನ್ನು ಬಿಟ್ಟು ಲಾಗರ್ ಕುಡಿದು ಬಂದಿರಲ್ಲ ಎಂಬುದೇ ನಿಮ್ಮ ಮೇಲಿನ ನನ್ನ ದೂರು. ಎರಡನೆಯದು ಭೂತಾನಿನ ಬುಮ್ತಾಂಗ್ ಕಣಿವೆಯ ರೆಡ್ ಪಾಂಡಾ. ಸ್ವಿಟ್ಜರ್ಲೆಂಡಿನಿಂದ ಬಂದು ಅಲ್ಲೇ ನೆಲೆಸಿದವರೊಬ್ಬರು ಆರಂಭಿಸಿದ, ಸೋಸದ ಗೋಧಿ ಬಿಯರ್ ಅದು. ಮಬ್ಬಾಗಿರುತ್ತದೆ, ಪ್ರಯಾಣ ತಾಳುವುದಿಲ್ಲ, ಅಲ್ಲೇ ಕುಡಿಯಬೇಕು.

ಪಟ್ಟಿಯ ಹೊರಗೆ ಒಂದಿದೆ, ನಿಜವಾಗಿ ಬೇರೆಯದು. ನೇಪಾಳದಲ್ಲಿ ಅದು ನಿಮ್ಮ ಕಣ್ಣಿಗೆ ಬೀಳಲಿಲ್ಲವೇ? ಪೂರ್ವ ನೇಪಾಳದ ಲಿಂಬು ಜನರ ತೊಂಗ್ಬಾ. ಅದರ ಧಾನ್ಯ ಯಾವುದು ಗೊತ್ತೇ? ನಮ್ಮ ರಾಗಿ! ಹಾಸನದ ಬಯಲು ಸೀಮೆಯಲ್ಲಿ ಮುದ್ದೆಯಾಗುವುದು ಅಲ್ಲಿ ಮದ್ಯವಾಗುತ್ತದೆ. ರಾಗಿಯನ್ನು ಬೇಯಿಸಿ, ಆರಿಸಿ, ಮರ್ಚಾ ಎಂಬ ಬಿಲ್ಲೆಯನ್ನು ಪುಡಿಮಾಡಿ ಬೆರೆಸುತ್ತಾರೆ. ಅದರಲ್ಲಿ ಬೂಷ್ಟೂ ಯೀಸ್ಟೂ ಇರುತ್ತವೆ. ಬಾರ್ಲಿಯ ಬಿಯರಿನಲ್ಲಿ ಪಿಷ್ಟವನ್ನು ಸಕ್ಕರೆ ಮಾಡುವುದು ಮೊಳಕೆಯ ಕೆಲಸ, ಇಲ್ಲಿ ಆ ಕೆಲಸ ಬೂಷ್ಟಿನದು. ಒಂದೆರಡು ದಿನ ಬೆಚ್ಚಗಿಟ್ಟು, ಆಮೇಲೆ ಗಾಳಿಯಾಡದಂತೆ ಮುಚ್ಚಿ ವಾರಗಟ್ಟಲೆ ಬಿಡುತ್ತಾರೆ. ಕುಡಿಯುವಾಗ ಕಾಳನ್ನೇ ಮರದ ಪಾತ್ರೆಗೆ ತುಂಬಿ, ಮೇಲೆ ಬಿಸಿನೀರು ಹೊಯ್ದು, ತುಸು ಹೊತ್ತು ಬಿಟ್ಟು, ತುದಿಯಲ್ಲಿ ಸಣ್ಣ ಸೀಳುಗಳಿರುವ ಬಿದಿರಿನ ಕೊಳವೆಯಿಂದ ಹೀರುತ್ತಾರೆ. ಕಾಳು ಬಾಯಿಗೆ ಬರುವುದಿಲ್ಲ. ಮುಗಿದರೆ ಮತ್ತೆ ಬಿಸಿನೀರು, ಸತ್ವ ಇಳಿಯುವವರೆಗೆ. ಹುಳಿ, ಸಣ್ಣ ಸಿಹಿ, ಬಾಯಿಗೆ ಹಾಲಿನಂಥ ನುಣುಪು. ಇದನ್ನು ಯಾವ ಲಾಗರಿನ ಪಕ್ಕದಲ್ಲೂ ಇಟ್ಟು ಅಳೆಯಲಾಗದು. ಇಷ್ಟು ರಾಗಿ ಬೆಳೆಯುವ ನಾವು ಹುರಿಹಿಟ್ಟಿಗೂ ಅಂಬಲಿಗೂ ನಿಂತುಬಿಟ್ಟೆವಲ್ಲ ಎಂದು ಒಮ್ಮೊಮ್ಮೆ ಅನಿಸುತ್ತದೆ. ಹೆಂಗಸರ ಸಂಘದವರು ಈ ವಾಕ್ಯವನ್ನು ಓದಿರುವುದಿಲ್ಲ ಎಂದು ಭಾವಿಸುತ್ತೇನೆ.

ಚೀನಾದ ಚಿಂಗ್‌ಟಾವ್ 1903ರಲ್ಲಿ ಜರ್ಮನರ ಹಿಡಿತದಲ್ಲಿದ್ದ ಬಂದರಿನಲ್ಲಿ ಶುರುವಾದದ್ದು, ಹಗುರ ಲಾಗರ್. ಅದನ್ನು ಇಲ್ಲಿ ಹೇಳುತ್ತಿರುವುದು ಹಸಿರು ಬಾಟಲಿಯ ನೆಪಕ್ಕೆ. ಬಿಯರಿಗೆ ಹಾಕುವ ಹಾಪ್ಸ್ ಎಂಬ ಹೂವಿನ ಕಹಿ ಅಂಶಗಳು ಬೆಳಕಿಗೆ ಒಡ್ಡಿಕೊಂಡರೆ ಒಡೆದು ಗಂಧಕದ ಒಂದು ಸಂಯುಕ್ತವಾಗುತ್ತವೆ. ಅದರ ವಾಸನೆ ಅಮೆರಿಕದ ಸ್ಕಂಕ್ ಎಂಬ ಪ್ರಾಣಿಯ ನಾತದಂತೆ. ಕಂದು ಗಾಜು ಆ ಬೆಳಕನ್ನು ಬಹುಮಟ್ಟಿಗೆ ತಡೆಯುತ್ತದೆ, ಹಸಿರು ಗಾಜು ತಡೆಯುವುದಿಲ್ಲ. ಅಂಗಡಿಯ ಮುಂದಿನ ಸಾಲಿನಲ್ಲಿ, ಟ್ಯೂಬ್‌ಲೈಟಿನ ಕೆಳಗೆ ತಿಂಗಳುಗಟ್ಟಲೆ ನಿಂತ ಹಸಿರು ಬಾಟಲಿಯನ್ನು “ವಿದೇಶಿ” ಎಂದು ಹೆಚ್ಚು ಬೆಲೆ ಕೊಟ್ಟು ಒಯ್ಯುವವರನ್ನು ಕಂಡರೆ ಮರುಕವಾಗುತ್ತದೆ. ಬಿಸಿಯೂ ಅಷ್ಟೇ ಕೆಟ್ಟದ್ದು. ಬಿಸಿಯಲ್ಲಿಟ್ಟ ಬಿಯರ್ ಬೇಗ ಹಳಸಿ, ಒದ್ದೆ ರಟ್ಟಿನ ರುಚಿ ಬರುತ್ತದೆ. ನೀವು ಲಂಕೆಯಲ್ಲಿ ಕುಡಿದದ್ದು ಕಾರ್ಖಾನೆಯಿಂದ ಕೆಲವೇ ಗಂಟೆಗಳ ದಾರಿಯಲ್ಲಿ, ಬಹುಶಃ ಹೊಸದಾಗಿ ಬಂದದ್ದು. ಇಲ್ಲಿ ಕೊಳ್ಳುವಾಗ ತಯಾರಿಕೆಯ ದಿನಾಂಕ ನೋಡಿ, ಮುಂದಿನ ಸಾಲಿನದನ್ನು ಬಿಟ್ಟು ಪೆಟ್ಟಿಗೆಯೊಳಗಿನದನ್ನು ಕೇಳಿ. ಅಂಗಡಿಯವನು ಗೊಣಗುತ್ತಾನೆ, ಗೊಣಗಲಿ.

ನನ್ನ ಮಾತು ನಂಬಬೇಕಿಲ್ಲ. ಕಾಫಿಯ ಕಪ್ಪಿಂಗ್ (ರುಚಿ ಪರೀಕ್ಷೆ) ಮಾಡುವವರಿಗೆ ಗೊತ್ತಿರುವ ಪರೀಕ್ಷೆಯೇ ಇಲ್ಲೂ ನಡೆಯುತ್ತದೆ. ಮೂರು ಲೋಟ, ಎರಡರಲ್ಲಿ ಒಂದೇ ಬಿಯರ್, ಒಂದರಲ್ಲಿ ಬೇರೆ. ಸುರಿಯುವವರು ಬೇರೆಯವರಾಗಿರಲಿ, ನೀವು ನೋಡಬಾರದು. ಸ್ಟ್ರಾಂಗಿಗೆ ಸ್ಟ್ರಾಂಗ್, ಲಾಗರಿಗೆ ಲಾಗರ್, ಒಂದೇ ತಂಪು. ಹಿಮದಂತೆ ಕೊರೆಯುವಷ್ಟು ತಂಪು ಬೇಡ, ಆಗ ನಾಲಿಗೆಗೆ ಏನೂ ಹತ್ತುವುದಿಲ್ಲ. ಬೇರೆಯದು ಯಾವುದೆಂದು ಹೇಳಿ. ಹಲವು ಸಲ ಮಾಡಿದರೂ ಸರಿಯಾಗಿ ಹೇಳುತ್ತಿದ್ದರೆ, ಆಗ ಯಾವ ದೇಶದ್ದು ಮೇಲು ಎಂಬ ಚರ್ಚೆಗೆ ನಾನೂ ಸಿದ್ಧ.

ಇನ್ನು ತರುವ ಪ್ರಶ್ನೆ. ವಿಮಾನದಲ್ಲಿ ಬರುವ ಪ್ರಯಾಣಿಕರಿಗೆ ಸುಂಕವಿಲ್ಲದೆ 2 ಲೀಟರ್ ಮದ್ಯ ತರಲು ಅವಕಾಶವಿದೆ, ಬಿಯರ್ ಕೂಡ ಆ ಲೆಕ್ಕದಲ್ಲೇ ಬರುತ್ತದೆ. 330 ಮಿಲಿಲೀಟರಿನ ಆರು ಸ್ಟೌಟ್ ಬಾಟಲಿಗಳೆಂದರೆ 1.98 ಲೀಟರ್. ಅದಕ್ಕಿಂತ ಒಂದು ಹೆಚ್ಚಾದರೂ ಸುಂಕ ಬೀಳುತ್ತದೆ. ಕೈಚೀಲದಲ್ಲಿ ಬಿಡುವುದಿಲ್ಲ, ದೊಡ್ಡ ಪೆಟ್ಟಿಗೆಯಲ್ಲಿ ದಪ್ಪ ಬಟ್ಟೆಯ ನಡುವೆ ಸುತ್ತಿಡಿ. ಬಿಳಿ ಪಂಚೆ ಮಾತ್ರ ಬೇಡ.

— ಸಂಪಾದಕ