ಸ್ಟೆಮ್ ಅಂದರೆ ಬರೀ ಕಾಂಡವೇ?

ಪ್ರಶ್ನೆ: ಮಗಳ ಶಾಲೆಯಲ್ಲಿ ‘ಸ್ಟೆಮ್ ಲ್ಯಾಬ್’ ಅಂತ ಬೋರ್ಡ್ ಹಾಕಿದ್ದಾರೆ. ಸ್ಟೆಮ್ ಅಂದರೆ ಗಿಡದ ಕಾಂಡ ಅಲ್ವಾ? ಒಳಗೆ ಒಂದೂ ಗಿಡ ಇಲ್ಲ!
– ಓದುಗರೊಬ್ಬರು, ಹಾಸನ

ಉತ್ತರ: ಕಾಂಡವೂ ಹೌದು. ಆದರೆ ಬೋರ್ಡಿನಲ್ಲಿರುವುದು ಸೈನ್ಸ್, ಟೆಕ್ನಾಲಜಿ, ಎಂಜಿನಿಯರಿಂಗ್, ಮ್ಯಾಥಮೆಟಿಕ್ಸ್ ಪದಗಳ ಮೊದಲ ಅಕ್ಷರಗಳು. ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್‌ನಲ್ಲಿ ಮೊದಲು ‘ಸ್ಮೆಟ್’ ಅನ್ನುತ್ತಿದ್ದರು. 2001ರಲ್ಲಿ ಅಕ್ಷರಗಳನ್ನು ಹಿಂದೆಮುಂದೆ ಮಾಡಿದರು. ಒಳ್ಳೆಯದೇ ಆಯಿತು.

ಕೈಗಡಿಯಾರಕ್ಕೆ ಕೀ ಕೊಡುವ ಗುಂಡಿ ಇದೆಯಲ್ಲ, ಅದರಿಂದ ಒಳಗೆ ಹೋಗುವ ತೆಳು ಕಡ್ಡಿಯೂ ಸ್ಟೆಮ್. ವೈನ್ ಗ್ಲಾಸಿನ ಸಪೂರ ಕಾಲೂ ಅದೇ.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ ಸ್ಟೆಮ್ ಸೆಲ್. 1868ರಲ್ಲಿ ಜರ್ಮನಿಯ ಜೀವವಿಜ್ಞಾನಿ ಅರ್ನ್ಸ್ಟ್ ಹೆಕೆಲ್ ಜೀವಿಗಳ ವಂಶವೃಕ್ಷದ ಬಗ್ಗೆ ಬರೆಯುತ್ತಾ, ಎಲ್ಲಕ್ಕೂ ಮೂಲವಾದ ಒಂದೇ ಕೋಶದ ಜೀವಿಗೆ ‘ಕಾಂಡಕೋಶ’ ಅನ್ನುವ ಅರ್ಥದ ಜರ್ಮನ್ ಹೆಸರಿಟ್ಟರು. ಈಗ ಅದು ಬೇರೆ ಬೇರೆ ಕೋಶಗಳನ್ನು ಹುಟ್ಟಿಸಬಲ್ಲ ಕೋಶದ ಹೆಸರು. ನಮ್ಮ ಕೆಂಪು ರಕ್ತಕಣ, ಬಿಳಿ ರಕ್ತಕಣ ಎರಡೂ ಮೂಳೆಮಜ್ಜೆಯ ಇಂಥ ಕೋಶಗಳಿಂದಲೇ ಬರುತ್ತವೆ. ಎಂಥ ಸೋಜಿಗ ನೋಡಿ!

ಒಂದು ಎಚ್ಚರಿಕೆ. ಸೋರುವ ರಕ್ತವನ್ನು ‘ಸ್ಟೆಮ್’ ಮಾಡುವುದು ಅಂದರೆ ತಡೆಯುವುದು. ಇದಕ್ಕೂ ಕಾಂಡಕ್ಕೂ ನೆಂಟಸ್ತಿಕೆ ಇಲ್ಲ. ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯಿಂದ ಬಂದ ಬೇರೆ ಪದ ಅದು. ಮಗಳಿಗೆ ದೊಡ್ಡ ಡಿಕ್ಷನರಿಯಲ್ಲಿ ಎರಡನ್ನೂ ಹುಡುಕಲು ಹೇಳಿ.